ಬಣ್ಣ ತೊಳೆಯದ ಯಮ

ರಾಯದುರ್ಗ
೯ ಫೆಬ್ರವರಿ ೨೦೨೫

ಚಿರಂಜೀವಿ ರೇಣುಕಾಪ್ರಸಾದನಿಗೆ,

ಮೊದಲು ಬೈಸಿಕೊ, ಆಮೇಲೆ ಓದು. ಮಡಕಶಿರ ಏನು ಸಮುದ್ರದ ಆಚೆ ಇದೆಯೇನೋ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟಬಹುದು. ಹನ್ನೊಂದು ತಿಂಗಳಾಯಿತು, ನಿನ್ನ ಮುಖ ಕಂಡಿಲ್ಲ. ಫೋನು ಮಾಡಿದರೆ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಆರೋಗ್ಯವೇ? ಕೂತು ಕೂತು ಬೆನ್ನು ಹಿಡಿದಿರಬೇಕು. ನನ್ನ ಮೊಣಕಾಲು ಹಾಗೇ ಇದೆ, ಕೂತರೆ ಏಳಲಾರೆ, ಎದ್ದರೆ ಕೂರಲಾರೆ.

ಬರುವ ತಿಂಗಳು ತಾತನ ವರ್ಷದ ತಿಥಿ. ನೀನು ಬರುವುದಿಲ್ಲವೆಂದು ನಿಮ್ಮಪ್ಪ ಹೇಳಿದ. ಕಾರಣ ನನಗೆ ಗೊತ್ತು. ಕಳೆದ ವರ್ಷ ಬಯಲಾಟದಲ್ಲಿ ತಾತ ಮಾಡುತ್ತಿದ್ದ ಯಮನ ಪಾತ್ರ ನೀನು ಮಾಡಿದೆ. ಬಣ್ಣ ತೊಳೆಯದೆ ಯಮನ ಪಾತ್ರದವನು ಯಾರ ಹೊಸಿಲನ್ನೂ ದಾಟಬಾರದು. ನೀನು ಬೆಳಗಾಗಿ ಆಟ ಮುಗಿದದ್ದೇ ಹಾಗೇ ಬಂದು, ಹಾಸಿಗೆ ಹಿಡಿದಿದ್ದ ತಾತನ ಮುಂದೆ ನಿಂತೆ. ಮೂರನೆಯ ದಿನ ಅವರು ಹೋದರು. ನಿನ್ನ ಸೋದರತ್ತೆ ಅನ್ನದಾನಮ್ಮ ಎಲ್ಲರೆದುರು 'ಯಮನ್ನ ಮನಿಗೆ ಕರ್ಕೊಂಡು ಬಂದವನ ಇವ' ಅಂದಳು. ಅವಳ ನಾಲಿಗೆಗೆ ಹುಟ್ಟಿನಿಂದಲೇ ಹೊಲಿಗೆ ಬಿಟ್ಟಿದೆ. ಹೆತ್ತವಳಿಗೆ ಗೊತ್ತಿಲ್ಲವೇ.

ನಲವತ್ತು ವರ್ಷ ಯಮನ ಪಾತ್ರ ಮಾಡಿದವರ ಜೊತೆ ಸಂಸಾರ ಮಾಡಿದವಳು ನಾನು. ಯಮನಿಗೆ ಕೋಣವೇ ಯಾಕೆಂದು ಹೊಸದರಲ್ಲಿ ಕೇಳಿದ್ದೆ. 'ಕುದುರಿ ಆದ್ರ ಓಡತೈತಿ. ಕೋಣ ನೀರು ಕಂಡಲ್ಲೆಲ್ಲ ನಿಲ್ಲತೈತಿ. ಹೋಗೋರು ಒಂದೀಟು ಹೊಳ್ಳಿ ಮನಿ ನೋಡ್ಲಿ ಅಂತ' ಅಂದರು. ಜೀನ್ಸ್ ಬಟ್ಟೆಯ ಅಂಚುಗಳನ್ನು ಹೆಣೆದು ಪಾಶ ಮಾಡಿಕೊಟ್ಟವಳೂ ನಾನೇ. ಬಿಗಿ ಗಂಟು ಹಾಕಿದರೆ ಬಿಚ್ಚಿಸುತ್ತಿದ್ದರು. 'ಇದು ಕೊಲ್ಲಾಕಲ್ಲ. ಕರುಕ್ಕ ಹಾಕೋ ಹಗ್ಗ ಇದ್ಹಂಗ, ದಾರಿ ತಪ್ಪಬಾರದಂತ.' ಕೋರೆಹಲ್ಲು, ಕೆಂಪು ಕಣ್ಣು ಎಲ್ಲ ನೋಡುವವರ ಅಂಜಿಕೆಯಂತೆ, ಯಮನದಲ್ಲವಂತೆ. ಅಂದು ನಿನ್ನನ್ನು ನೋಡಿ ಏನಂದರು, ನೆನಪಿದೆಯೇ? 'ಎಡಗಡಿ ಮೀಸಿ ಇಳದೈತಿ ನೋಡು.' ಅಂಜಿದವರು ಆಡುವ ಮಾತೇ ಅದು?

ನೀನು ಯಾಕೆ ಬರುವುದಿಲ್ಲವೆಂದು ಬಂದವರಿಗೆಲ್ಲ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಜ್ಜಿ
ಬನಶಂಕರಮ್ಮ

ಇನ್ನೊಂದು ಮಾತು. ಅಂದು ಆಟ ಮುಗಿದಾಗ ಬಣ್ಣ ಹಚ್ಚುವ ತಿಮ್ಮರಾಜು 'ಹಂಗ ಹೋಗಿ ತಾತಗ ತೋರಿಸು' ಅಂದನಲ್ಲ, ಅದು ಅವನ ಮಾತಲ್ಲ. ಹೇಳಿ ಕಳಿಸಿದವಳು ನಾನು. ಹಿಂದಿನ ದಿನ ತಾತ ನನ್ನ ಕೈ ಹಿಡಿದು 'ಯಮನ ವೇಷ ಒಮ್ಮಿ ನೋಡ್ತೀನಿ. ಅವ ಖರೇನ ಬಂದಾಗ ಹೊಸಬ ಅನಸಬಾರದು' ಅಂದಿದ್ದರು. ಅನ್ನದಾನಮ್ಮ ನಿನಗೆ ಅಂದಾಗ ನಾನು ಬಾಯಿ ಬಿಡಲಿಲ್ಲ. ಗಂಡನ ಬಳಿಗೆ ಯಮನನ್ನು ಕರೆಸಿದವಳು ಅನ್ನಿಸಿಕೊಳ್ಳಲು ಅಂಜಿದೆ. ಇಂದು ಬೆಳಿಗ್ಗೆ ಅವಳಿಗೆ ಹೇಳಿದೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನೂ ಬಿಡುವುದಾದರೆ ಅದನ್ನೇ ಬರೆ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಯಲ್ಲಿರಬೇಕು.