ಒಂದು, ಹದಿಮೂರು ಮತ್ತು ಎರಡನೇ ಮಹಡಿಯ ಶೌಚಾಲಯ

ಗ್ರಂಥಾಲಯ ಕಟ್ಟಡದ ಆಡಳಿತಾಧಿಕಾರಿಗಳಾದ ಮಾನ್ಯರೇ,

ಎರಡನೇ ಮಹಡಿಯ ಶೌಚಾಲಯದಲ್ಲಿ "ರಸಾಯನಶಾಸ್ತ್ರದ ಅಜ್ಞಾನದಿಂದ" ವಿಷಾನಿಲ ಎಬ್ಬಿಸಿದರೆಂದು ಸ್ವಚ್ಛತಾ ಕೆಲಸದ ಅಕ್ಕನಿಗೆ ನೋಟಿಸು ಕೊಟ್ಟಿದ್ದೀರಿ. ಶುಕ್ರವಾರದೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ಕೆಲಸದಿಂದ ತೆಗೆಯುತ್ತೀರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ತಮಗೂ ಗೊತ್ತು. ಇಲ್ಲಿ ಎತ್ತು ಯಾರೆಂಬುದಷ್ಟೇ ಗೊತ್ತಿಲ್ಲ. ನೋಟಿಸನ್ನು ಸೂಚನಾ ಫಲಕಕ್ಕೂ ಅಂಟಿಸಿರುವುದರಿಂದ ಈ ಪತ್ರವನ್ನೂ ಅದರ ಪಕ್ಕದಲ್ಲೇ ಅಂಟಿಸಿದ್ದೇನೆ.

ಅಜ್ಞಾನವೆಂಬ ಮಾತಿಗೆ ನನ್ನ ತಕರಾರಿದೆ. ಆ ಕೋಣೆಯಲ್ಲಿ ರಸಾಯನಶಾಸ್ತ್ರ ಓದಿದವನೊಬ್ಬನಿದ್ದ, ಮಾಡಿದ್ದೂ ಅವನೇ. ನಾನು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿಜ್ಞಾನ ಪದವೀಧರ, ಇಪ್ಪತ್ತು ವರ್ಷದಿಂದ ತಮ್ಮ ಉಗ್ರಾಣದ ಗುಮಾಸ್ತ. ಆಮ್ಲಕ್ಕೆ ನೀಲಿ ಲಿಟ್ಮಸ್ ಕಾಗದ ಕೆಂಪಾಗುವುದಕ್ಕೊಂದು, ಕ್ಷಾರಕ್ಕೆ ಕೆಂಪು ನೀಲಿಯಾಗುವುದಕ್ಕೊಂದು ಎಂದು ಪದ್ಯ ಕಟ್ಟಿಕೊಂಡೇ ಪಾಸಾದವನು. ಪ್ರಾಸ ಇಂದಿಗೂ ನೆನಪಿದೆ. ಪಾಠ ಮರೆತಿದೆ.

ಕಳೆದ ವಾರ ಸೋಮವಾರ ಅಕ್ಕ ಬ್ಲೀಚಿಂಗ್ ಪುಡಿ ಕಲಸಿ ನೆಲಕ್ಕೆ ಸುರಿದಿದ್ದರು. ಹಳದಿ ಕಲೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಹನ್ನೊಂದು ಗಂಟೆಗೆ ತಮ್ಮ ತಪಾಸಣೆ. ಉಗ್ರಾಣದಿಂದ ಆಸಿಡ್ ಬಾಟಲಿ ತಂದ ನನ್ನನ್ನು ಅವರು ಬಾಗಿಲಲ್ಲೇ ತಡೆದರು. ಮೊದಲು ನೆಲ ಪೂರ್ತಿ ತೊಳೆದು ಒಣಗಿಸೋಣ, ಅದೇನಿದ್ದರೂ ನಾಳೆ ಎಂದರು.

"ಎರಡೂ ಕೂಡಿಸಬಾರ್ದು ಸಾರ್. ಗಂಟಲು ಹಿಡಿಯುತ್ತೆ."

ನಾನು ನಕ್ಕೆ. ಗೋಡೆಯ ಒದ್ದೆ ಟೈಲ್ಸ್ ಮೇಲೆ ಬೆರಳಿನಿಂದ ಆಮ್ಲ-ಕ್ಷಾರ ಅಳೆಯುವ ಪಿಎಚ್ ಮಾಪಕ ಬರೆದು ತೋರಿಸಿದೆ. ಸೊನ್ನೆಯಿಂದ ಹದಿನಾಲ್ಕು; ನಡುವಿನ ಏಳು ಶುದ್ಧ ನೀರು. ಆಸಿಡ್ಡಿನದು ಒಂದು, ಬ್ಲೀಚಿಂಗ್ ನೀರಿನದು ಹದಿಮೂರು ಎಂದಿಟ್ಟುಕೊಳ್ಳಿ. ಕೂಡಿಸಿ ಎರಡರಿಂದ ಭಾಗಿಸಿದರೆ ಏಳು! ಸಾಲದ್ದಕ್ಕೆ ಪದ್ಯವನ್ನೂ ಹೇಳಿದೆ:

ಆಮ್ಲ ಬಂತು ಉರಿದು, ಕ್ಷಾರ ಬಂತು ಜಾರಿ,
ಉಪ್ಪು ನೀರು ಉಳಿದವು, ಜಗಳ ಹೋಯ್ತು ಹಾರಿ.

ಹೇಳಿ, ನಾನೇ ಸುರಿದೆ. ಹಾರಿಹೋದದ್ದು ಜಗಳವಲ್ಲ, ನಮ್ಮಿಬ್ಬರ ಉಸಿರು.

ಪಿಎಚ್ ಎಂದರೆ ಸರಾಸರಿ ತೆಗೆಯಲು ಅಂಕಪಟ್ಟಿಯೇ? ಅಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಮೇಲಾಗಿ ಬ್ಲೀಚಿಂಗ್ ಪುಡಿ ಬರೀ ಕ್ಷಾರವಲ್ಲ. ಆಮ್ಲ ಬಿದ್ದರೆ ಅದರಲ್ಲಿನ ಕ್ಲೋರಿನ್ ಅನಿಲವಾಗಿ ಎದ್ದುಬರುತ್ತದೆ. ಇದನ್ನೆಲ್ಲ ಆಮೇಲೆ ಮನೆಯಲ್ಲಿ ಹಳೆಯ ಪುಸ್ತಕ ತೆಗೆದು ಓದಿದೆ. ಅಂಚಿನಲ್ಲಿ ನನ್ನದೇ ಅಕ್ಷರದಲ್ಲಿ "ಮುಖ್ಯ" ಎಂದು ಬರೆದಿತ್ತು.

ಕಣ್ಣು ಕಾಣದೆ ಬಾಗಿಲೆಂದು ಗೋಡೆ ತಡಕುತ್ತಿದ್ದವನನ್ನು ಅಕ್ಕ ಕಾಲರ್ ಹಿಡಿದು ಹೊರಗೆಳೆದರು. ಕಿಟಕಿ ತೆರೆಯಲು ಮತ್ತೆ ಒಳಗೆ ಹೋದವರೂ ಅವರೇ. ಮೂರು ದಿನ ಕೆಮ್ಮಿದರು.

ತಾವು ನನ್ನಿಂದ ವರದಿ ಕೇಳಿದಿರಿ. ಸಮಯ ಬರೆದೆ, ಅಳತೆ ಬರೆದೆ, ಕಿಟಕಿ ಸಣ್ಣದೆಂದೂ ಬರೆದೆ. ಸುರಿದವರು ಯಾರೆಂದು ಮಾತ್ರ ಬರೆಯಲಿಲ್ಲ. ಬಿಟ್ಟ ಸ್ಥಳವನ್ನು ತಾವು ತುಂಬಿದಿರಿ. ಬಕೆಟ್ ಹಿಡಿದವರಿರುವಾಗ ಪದವಿ ಹಿಡಿದವನ ಮೇಲೆ ಯಾರಿಗಾದರೂ ಅನುಮಾನ ಬಂದೀತೇ?

ನಿನ್ನೆ ಅಕ್ಕ ಆ ನೋಟಿಸು ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಸಾರ್, ನೀವು ಓದಿದೋರು. ಇದಕ್ಕೊಂದು ಉತ್ತರ ಬರ್ಕೊಡಿ."

ದನಿಯಲ್ಲಿ ಕೊಂಕಿದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ನನ್ನ ಮುಖ ಮಾತ್ರ ಆಮ್ಲದಲ್ಲಿ ಅದ್ದಿದ ನೀಲಿ ಲಿಟ್ಮಸ್ ಕಾಗದದಂತಾಗಿರಬೇಕು. ಏನಂತ ಬರೆಯಲಿ ಎಂದು ಕೇಳಿದೆ.

"ಆಗಿದ್ದು ಬರೀರಿ," ಎಂದರು. ಹೊರಟವರು ಬಾಗಿಲಲ್ಲಿ ತಿರುಗಿ, "ಪದ್ಯ ಬೇಡ," ಎಂದರು.

ಇದೇ ಆ ಉತ್ತರ. ಅಕ್ಕನ ಮೇಲಿನ ನೋಟಿಸನ್ನು ಶುಕ್ರವಾರದೊಳಗೆ ಹಿಂತೆಗೆದುಕೊಂಡು, ಫಲಕದಲ್ಲೇ ಹಾಗೆಂದು ಪ್ರಕಟಿಸಿ. ಹೊಸದನ್ನು ನನ್ನ ಹೆಸರಿಗೆ ಕೊಡಿ. "ಅಜ್ಞಾನ" ಎಂಬ ಶಬ್ದ ಹಾಗೇ ಇರಲಿ, ಈ ಸಲ ಸರಿಯಾದ ವಿಳಾಸಕ್ಕೆ ತಲುಪುತ್ತದೆ. ಉಗ್ರಾಣದ ಬಾಗಿಲ ಮೇಲೆ ಅಕ್ಕನ ಮಾತನ್ನೇ ದಪ್ಪಕ್ಷರದಲ್ಲಿ ಬರೆಸಿ: ಎರಡೂ ಕೂಡಿಸಬಾರದು, ಗಂಟಲು ಹಿಡಿಯುತ್ತದೆ.

ಪ್ರಾಸವಿಲ್ಲ. ಆದರೂ ನೆನಪಿರುತ್ತದೆ.

ಇಂತಿ,
ಸುರಿದವನು,
ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ತಮ್ಮ ಉಗ್ರಾಣದ ಗುಮಾಸ್ತ