ಮೆಟ್ಟಿಲ ಮೇಲಿನ ಓಟ

ನಾಲ್ಕನೇ ಮಹಡಿಯ ಮನೆಯಿಂದ
ನವೆಂಬರ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ನೀನು ಕೆಲಸಕ್ಕಿರುವ ಮನೆಯ, ಹಾಸಿಗೆ ಹಿಡಿದ ಆ ಮುದುಕಿಯನ್ನು ಎತ್ತಿ ಹೊರಳಿಸಿ ಸೊಂಟ ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಬಗ್ಗುವಾಗ ಮಂಡಿ ಬಗ್ಗಿಸು ತಾಯಿ, ಬೆನ್ನನ್ನಲ್ಲ. ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ನಾನು ಕಲಿತ ವಿದ್ಯೆ ಅದೊಂದೇ. ಹೊತ್ತಿಗೆ ಸರಿಯಾಗಿ ತಿನ್ನು. ಇನ್ನೊಬ್ಬರ ಬಾಯಿಗೆ ತುತ್ತಿಡುವವರು ತಮ್ಮ ಬಾಯಿ ಮರೆಯುತ್ತಾರೆ. ನನ್ನ ಮಂಡಿ ಎಂದಿನಂತೆ ಮೋಡ ಬರುವ ಮೊದಲೇ ಸುದ್ದಿ ಹೇಳುತ್ತಿದೆ. ಕಣ್ಣು ಪರವಾಗಿಲ್ಲ, ಸೂಜಿಗೆ ದಾರ ಪೋಣಿಸಲು ಮಾತ್ರ ನಿನ್ನ ಮಗಳು ಪುಟ್ಟಿಯನ್ನೇ ಕರೆಯಬೇಕು. ಲಿಫ್ಟು ಇನ್ನೂ ಕೆಟ್ಟೇ ಇದೆ, ಅದು ರಿಪೇರಿಯಾಗುವ ಹೊತ್ತಿಗೆ ನನ್ನನ್ನು ಕೆಳಗಿಳಿಸಲು ನಾಲ್ಕು ಜನ ಬೇಕಾಗಿರುತ್ತದೆ.

ಇನ್ನು ಸುದ್ದಿ. ಮೊದಲು ಕೂತುಕೋ. ಪುಟ್ಟಿಯ ಎಡಗೈ ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ಮೂಳೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕಳೆದ ತಿಂಗಳಿಂದ ಫೋನಿನಲ್ಲಿ ನಾನು ಹೇಳಿದ ನೆಗಡಿ, ಕೆಮ್ಮು, ಪರೀಕ್ಷೆ ಎಲ್ಲ ಸುಳ್ಳು. ಫೋನಿನಲ್ಲಿ ನೀನು ಅಳಲು ಶುರು ಮಾಡಿದರೆ ನನ್ನ ಬಾಯಿ ಕಟ್ಟುತ್ತದೆ. ಅಲ್ಲದೆ ಇರುವುದೊಂದೇ ಕೋಣೆ, ಅವಳ ಕಿವಿ ಇಲ್ಲೇ ಇರುತ್ತದೆ. ಅದಕ್ಕೇ ಅವಳು ಶಾಲೆಗೆ ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಕಾಲು ಜಾರಿ ಬಿದ್ದು ಕೈ ಮುರಿದದ್ದಲ್ಲ. ನಿನ್ನ ತಮ್ಮ ಮುರಿದದ್ದು.

ನೀನು ಹೋದ ಮೇಲೆ ಪುಟ್ಟಿ ದಪ್ಪಗಾಗಿದ್ದು ನಿನಗೆ ಫೋಟೋದಲ್ಲಿ ಗೊತ್ತೇ ಇದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನಗೆ ಅವಳ ಆ ಉಬ್ಬಿದ ಕೆನ್ನೆ ಮುದ್ದೇ. ಆದರೆ ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿದ್ದಳು, ರಾತ್ರಿ ಗೊರಕೆ ಹೊಡೆಯುತ್ತಿದ್ದಳು, ಶೂ ಲೇಸು ಕಟ್ಟಿಕೊಳ್ಳಲು ಮಂಚದ ಮೇಲೆ ಮಲಗಿ ಕಾಲೆತ್ತುತ್ತಿದ್ದಳು. ಹನ್ನೊಂದು ವರ್ಷದ ಮಗು. ತಪ್ಪು ಯಾರದು ಅಂತ ಹೇಳಲಿ? ಮಕ್ಕಳು ಆಡುತ್ತಿದ್ದ ಹಿಂದಿನ ಖಾಲಿ ಜಾಗದಲ್ಲಿ ಈಗ ಲಾರಿಗಳು ನಿಲ್ಲುತ್ತವೆ. ಶಾಲೆಯ ಮೈದಾನಕ್ಕೆ ತಗಡಿನ ಬೇಲಿ ಹಾಕಿ ಏನೋ ಕಟ್ಟುತ್ತಿದ್ದಾರೆ, ಕಟ್ಟುತ್ತಲೇ ಇದ್ದಾರೆ. ನಮ್ಮ ಮೆಟ್ಟಿಲ ಬುಡದಲ್ಲಿ ಆ ಪೇಂಟರ್ ಹುಡುಗನನ್ನು ಯಾರೋ ಚಾಕುವಿನಿಂದ ಇರಿದ ಮೇಲೆ ನಾನೇ ಅವಳನ್ನು ಶಾಲೆಯಿಂದ ಬಂದ ಕೂಡಲೇ ಒಳಗೆ ಹಾಕಿ ಬೀಗ ಜಡಿದು ಇಸ್ತ್ರಿ ಅಂಗಡಿಗೆ ಇಳಿಯುತ್ತಿದ್ದೆ. ಒಳಗೆ ಟೀವಿ, ಕೈಯಲ್ಲಿ ಚಿಪ್ಸ್ ಪೊಟ್ಟಣ. ಕೆಳಗಿನ ದಿನಸಿ ಅಂಗಡಿಯಲ್ಲಿ ಸಿಗುವುದು ಬನ್ನು, ಬಿಸ್ಕತ್ತು, ಬಣ್ಣದ ಸೋಡಾ. ಒಂದು ಒಳ್ಳೆಯ ಹಣ್ಣು ಬೇಕೆಂದರೆ ಬಸ್ಸು ಹತ್ತಬೇಕು. ನಾನು ಮೇಲೆ ಬರುವ ಹೊತ್ತಿಗೆ ಅವಳು ತಿಂದು, ಕೂತಲ್ಲೇ ನಿದ್ದೆ ಹೋಗಿರುತ್ತಿದ್ದಳು. ಜೀವಂತ ಇದ್ದಾಳಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಯಲ್ಲಿ ಆರೋಗ್ಯ ತಪಾಸಣೆ ಆಯಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ, ಒಬ್ಬರು ಕೂಗಿದರೆ ಇನ್ನೊಬ್ಬರು ಬರೆದುಕೊಂಡರಂತೆ. ಪುಟ್ಟಿಯದನ್ನು ಕೂಗಿದಾಗ ಇಡೀ ಸಾಲು ನಕ್ಕಿತು. ಅವತ್ತಿನಿಂದ ಅವಳ ಹೆಸರು ಸಿಲಿಂಡರ್. ಬ್ಯಾಗಿನ ಮೇಲೆ ಬರೆದರು, ಬೆಂಚಿನ ಮೇಲೆ ಕೆತ್ತಿದರು. ಕಾಂಪಾಸಿನ ಮೊನೆಯಿಂದ ಅವಳ ತೊಡೆಗೆ ಚುಚ್ಚಿ "ಗ್ಯಾಸ್ ಬರತ್ತಾ ನೋಡೋಣ" ಅಂದರು. ಸ್ನಾನ ಮಾಡಿಸುವಾಗ ನಾನು ಆ ಚುಕ್ಕಿಗಳನ್ನು ಕಂಡು ತಿಗಣೆ ಕಚ್ಚಿದೆ ಎಂದುಕೊಂಡು ಹಾಸಿಗೆ ಒದರಿದೆ. ಅವಳು ಬಾಯಿ ಬಿಡಲಿಲ್ಲ. ಎರಡನೇ ಮಹಡಿಯ ವ್ಯಾನ್ ಡ್ರೈವರನ ಮಗ ಇದ್ದಾನಲ್ಲ, ಎಲ್ಲರೂ ಕಡ್ಡಿ ಎಂದು ಕರೆಯುವ ಹುಡುಗ, ಒಂದು ಗಾಳಿಗೆ ಹಾರಿಹೋಗುವಂಥವನು, ಅವನೇ ಎಲ್ಲರಿಗಿಂತ ಮುಂದೆ. ಅವನನ್ನೂ ಶಾಲೆಯಲ್ಲಿ ಹೊಡೆಯುವವರಿದ್ದರು. ತನಗಿಂತ ಸುಲಭದವಳು ಸಿಕ್ಕಳು ಎಂದು ಅವನಿಗೆ ನೆಮ್ಮದಿ.

ನಿನ್ನ ತಮ್ಮನಿಗೆ ಇದು ಗೊತ್ತಾಗಿದ್ದು ದಾರಿಯಲ್ಲಿ. ಡ್ಯೂಟಿ ಮುಗಿಸಿ ಸೆಕ್ಯುರಿಟಿ ಯೂನಿಫಾರಂನಲ್ಲೇ ಬರುತ್ತಿದ್ದಾಗ ಯಾರೋ "ಸಿಲಿಂಡರ್ ಮಾವ ಬಂದ" ಎಂದು ಕೂಗಿದರಂತೆ. ಮನೆಗೆ ಬಂದವನು ಟೀವಿಯ ವೈರು ಕಿತ್ತ. ಡಬ್ಬಗಳನ್ನೆಲ್ಲ ತೆಗೆದು ಕಪಾಟಿಗೆ ತುಂಬಿ ಬೀಗ ಹಾಕಿದ. "ನಾಳೆಯಿಂದ ನಾನು ನೋಡ್ಕೋತೀನಿ ಇವಳನ್ನ" ಅಂದ. ಮಾರನೆಯ ಬೆಳಿಗ್ಗೆಯೇ ಅವಳನ್ನು ಮೆಟ್ಟಿಲ ಮೇಲೆ ಓಡಿಸಲು ಶುರು ಮಾಡಿದ. ನಾಲ್ಕನೇ ಮಹಡಿಯಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಕೈಯಲ್ಲಿ ಬಟ್ಟೆ ಒಗೆಯುವ ಮಷಿನಿನ ಹಳೆಯ ರಬ್ಬರ್ ಪೈಪು. ಮೊದಮೊದಲು ಅದನ್ನು ಗೋಡೆಗೆ ಬಡಿಯುತ್ತಿದ್ದ, ಸದ್ದಿಗೆ. ಪುಟ್ಟಿಯೂ ನಗುತ್ತಿದ್ದಳು, ಮಾವ ತನ್ನ ಜೊತೆ ಆಡುತ್ತಿದ್ದಾನೆ ಎಂದುಕೊಂಡು. ಮೂರನೆಯ ದಿನ ಪೈಪು ಅವಳ ಮೀನಖಂಡದ ಮೇಲೆ ಬಿತ್ತು.

ನಾನು ಸುಮ್ಮನಿರಲಿಲ್ಲ. ಪೈಪು ಕಿತ್ತುಕೊಂಡು ಕಿಟಕಿಯಿಂದ ಎಸೆದೆ. ಅವನು ಇಳಿದುಹೋಗಿ ತಂದ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ನಿನ್ನ ಬುದ್ಧಿ ಹಾಗಾಯ್ತು. ಬೈದೋರು ರಸ್ತೇಲಿದ್ದಾರೆ, ಹೊಡೆಯೋದು ಈ ಮಗೂನ" ಅಂದೆ. ಅವನು ಅಂದಿದ್ದೇನು ಗೊತ್ತೇ? "ಅಮ್ಮಾ, ಸೆಕ್ಯುರಿಟಿ ಸೆಲೆಕ್ಷನ್‌ಗೆ ನನ್ನನ್ನ ಓಡಿಸಿದ್ದು ಹೀಗೇನೇ. ರಕ್ತ ಕಕ್ಕಿದೀನಿ. ಅದಕ್ಕೇ ಇವತ್ತು ಕೆಲಸ ಅಂತ ಒಂದಿದೆ. ನೀನು ಮುದ್ದು ಮಾಡು, ಅವಳು ಮೂವತ್ತಕ್ಕೇ ಎದೆ ಹಿಡ್ಕೊಂಡು ಸಾಯ್ಲಿ." ಅವನ ಕಣ್ಣಲ್ಲಿ ನೀರಿತ್ತು, ಮಗಳೇ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ದ್ವೇಷದಿಂದ ಹೊಡೆಯುವವನು ದಣಿದು ನಿಲ್ಲಿಸುತ್ತಾನೆ. ಪ್ರೀತಿ ಎಂದುಕೊಂಡು ಹೊಡೆಯುವವನಿಗೆ ದಣಿವೇ ಇಲ್ಲ.

ಮೆಟ್ಟಿಲ ಮೇಲಿನ ಓಟ ಕಟ್ಟಡಕ್ಕೆಲ್ಲ ತಮಾಷೆಯಾಯಿತು. ಬಾಗಿಲು ತೆಗೆದು ನಿಂತು ನೋಡುವರು. ಮಕ್ಕಳು ಕಂಬಿಗೆ ಜೋತುಬಿದ್ದು "ಸಿಲಿಂಡರ್ ಬಂತು, ಖಾಲಿ ಆಯ್ತಾ?" ಎಂದು ಕೂಗುವರು. ಹಸಿವು ತಡೆಯಲಾರದೆ ಒಂದು ದಿನ ಅವಳು ಪಕ್ಕದ ಮನೆಯ ಟೈಲರಮ್ಮನ ಅಡುಗೆಕಟ್ಟೆಯಿಂದ ಬನ್ನು ಎತ್ತಿಕೊಂಡು ಬಾಯಿಗೆ ತುರುಕಿಕೊಂಡಳು. ಟೈಲರಮ್ಮ ಬೈಯಲಿಲ್ಲ, ಇನ್ನೊಂದು ಕೊಟ್ಟಳು. ಆದರೆ ನಿನ್ನ ತಮ್ಮ ನೋಡಿದ. ಅವಳ ಬಾಯಿಗೆ ಬೆರಳು ಹಾಕಿ ಹೊರಗೆಳೆದ. ವಸಡು ಹರಿದು ಬನ್ನಿನ ಚೂರು ಕೆಂಪಾಗಿ ನೆಲಕ್ಕೆ ಬಿತ್ತು. ನಾನು ಲಟ್ಟಣಿಗೆ ತೆಗೆದುಕೊಂಡು ಅವನ ಬೆನ್ನಿಗೆ ಬಾರಿಸಿದೆ. ನನ್ನನ್ನು ಗೋಡೆಗೆ ದೂಡಿದ. ಹೆತ್ತ ತಾಯಿಯನ್ನು ದೂಡಿದೆನಲ್ಲ ಎಂದು ಆಮೇಲೆ ಅವನೇ ತಲೆ ತಲೆ ಚಚ್ಚಿಕೊಂಡ. ಮಾರನೆಯ ಬೆಳಿಗ್ಗೆ ಮತ್ತೆ ಪೈಪು ಹಿಡಿದು ನಿಂತಿದ್ದ.

ಅದು ಭಾನುವಾರ. ಸೋಮವಾರದ ಯೂನಿಫಾರಂಗಳೆಲ್ಲ ಅವತ್ತೇ ಬರುವುದರಿಂದ ನಾನು ಕೆಳಗೆ ಅಂಗಡಿಯಲ್ಲಿದ್ದೆ. ಮೇಲೆ ಓಟದ ಸದ್ದು, ಪೈಪಿನ ಸದ್ದು, ಮಕ್ಕಳ ಕೇಕೆ. ಆಮೇಲೆ ಇಡೀ ಕಟ್ಟಡ ಸೀಳಿಹೋಗುವಂಥ ಸದ್ದು. ಮೂರನೇ ಮಹಡಿಯವರು ಬದಲಾಯಿಸಲೆಂದು ಖಾಲಿ ಗ್ಯಾಸ್ ಸಿಲಿಂಡರನ್ನು ಬಾಗಿಲ ಹೊರಗೆ ಇಟ್ಟಿದ್ದರು. ಪುಟ್ಟಿ ಮೇಲೆ ಹತ್ತಿ ಬರುತ್ತಿರುವಾಗ ಕಡ್ಡಿ ಅದನ್ನು ಕಾಲಿನಿಂದ ಒದ್ದು ಉರುಳಿಸಿಬಿಟ್ಟ. "ನಿನ್ನ ತಂಗಿ ಬರ್ತಿದಾಳೆ, ಹಿಡ್ಕೋ" ಎಂದು ಕೂಗಿದನಂತೆ. ಅದು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ ಅವಳ ಮೊಳಕಾಲ ಕೆಳಗೆ ಚರ್ಮ ಸುಲಿದುಕೊಂಡು, ಕಂಬಿಯನ್ನು ಬಗ್ಗಿಸಿ, ನಿನ್ನ ತಮ್ಮನ ಕಾಲ ಬುಡದಲ್ಲಿ ನಿಂತಿತು.

ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಅದನ್ನು ಕೆಳಗಿಡಬೇಕು ಎಂದೂ ಹೊಳೆಯಲಿಲ್ಲ. ವೈರು ಗೋಡೆಯಿಂದ ಕಿತ್ತುಕೊಂಡು ನನ್ನ ಹಿಂದೆ ನೆಲದ ಮೇಲೆ ಹರಿದಾಡುತ್ತಾ ಬಂತು. ಈ ಮಂಡಿ ಇಟ್ಟುಕೊಂಡು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಎರಡನೇ ಮಹಡಿಯ ತಿರುವಿಗೆ ಬಂದಾಗ, ಮೇಲೆ ಮೂರನೇ ಮಹಡಿಯಲ್ಲಿ ನಿನ್ನ ತಮ್ಮ ಕಡ್ಡಿಯ ಅಂಗಿಯ ಕತ್ತು ಹಿಡಿದು ಕಂಬಿಯಾಚೆ ನೇತಾಡಿಸುತ್ತಿದ್ದ. ಆ ಹುಡುಗನ ಬೆನ್ನ ತುಂಬ ಪೈಪಿನ ಬಾಸುಂಡೆ. ಕಾಲುಗಳು ಗಾಳಿಯಲ್ಲಿ ಒದೆಯುತ್ತಿದ್ದವು. "ಈಗ ಅನ್ನೋ, ಇನ್ನೊಂದ್ಸಲ ಅನ್ನೋ ಸಿಲಿಂಡರ್ ಅಂತ" ಎಂದು ಇವನು ಅರಚುತ್ತಿದ್ದ. ಆ ಗಲಾಟೆಯಲ್ಲಿ ಪುಟ್ಟಿ ಕಾಲಿನಿಂದ ರಕ್ತ ಸುರಿಸಿಕೊಂಡು, ಕೈಯೂರಿ ಮೆಟ್ಟಿಲು ಹತ್ತಿ ಬಂದು ಅವನ ಸೊಂಟ ತಬ್ಬಿದಳು. ಅವಳು ಅಂದ ಮಾತು ನಾನು ಮಣ್ಣಿಗೆ ಹೋಗುವ ತನಕ ಕೇಳುತ್ತಿರುತ್ತದೆ. "ಬಿಡು ಮಾವ, ಅವನನ್ನ ಬಿಡು. ನಾನು ಓಡ್ತೀನಿ. ಜೋರಾಗಿ ಓಡ್ತೀನಿ ಮಾವ."

ಅವನು ಹುಡುಗನನ್ನು ಒಳಗೆಳೆದು ನೆಲಕ್ಕೆ ಬಿಸಾಕಿದ. ಕಡ್ಡಿಯ ಮುಂದಿನ ಹಲ್ಲು ಕಲ್ಲಿಗೆ ತಾಗಿ ಮುರಿಯಿತು. ಪುಟ್ಟಿ ಇನ್ನೂ ತಬ್ಬಿಕೊಂಡೇ ಇದ್ದಳು. ಬಿಡಿಸಿಕೊಳ್ಳಲು ಮೊಳಕೈಯಿಂದ ಒಂದು ಏಟು ಕೊಟ್ಟ ನೋಡು, ಮಗು ಉರುಳಿಕೊಂಡು ನನ್ನ ಕಾಲ ಹತ್ತಿರ ಬಂದು ಬಿತ್ತು. ಕೈ ಮೊಳಕೈಯ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿತ್ತು. ಅವನು ಪೈಪು ಎತ್ತಿಕೊಂಡು ಕೆಳಗಿಳಿದು ಬಂದ. "ಏಳು, ನಾಟಕ ಮಾಡ್ಬೇಡ, ಏಳು ಮೇಲೆ." ಪೈಪು ಎತ್ತಿದ. ನಾನು ಇಸ್ತ್ರಿಪೆಟ್ಟಿಗೆಯನ್ನು ಅವನ ಆ ಕೈಯ ಮೇಲೆ ಒತ್ತಿದೆ. ಅಂಗಿಯ ತೋಳಿನ ಸುಕ್ಕು ತೆಗೆಯುವ ಹಾಗೆ, ಭಾರ ಬಿಟ್ಟು ಒತ್ತಿದೆ. ಚರ್ಮ ಅಂಟಿಕೊಂಡು ಬಂತು. ಅವನು ಹುಟ್ಟಿದಾಗ ಅತ್ತಿದ್ದಕ್ಕಿಂತ ಜೋರಾಗಿ ಕೂಗಿದ. ಸುಟ್ಟ ವಾಸನೆ ಇವತ್ತಿಗೂ ಮೂಗಿನಲ್ಲಿದೆ, ಆದರೆ ನನಗೆ ಪಶ್ಚಾತ್ತಾಪವಿಲ್ಲ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಸಂತೋಷವೂ ಇಲ್ಲ.

ಅಷ್ಟರಲ್ಲಿ ವ್ಯಾನ್ ಡ್ರೈವರ್ ಚಕ್ರ ಬಿಚ್ಚುವ ಕಬ್ಬಿಣದ ರಾಡು ಹಿಡಿದು ಓಡಿ ಬಂದ. ಮಗನ ಬಾಯಿಯ ರಕ್ತ ನೋಡಿದ ಮೇಲೆ ಅವನಿಗೆ ಯಾರ ಮಾತೂ ಕೇಳಿಸಲಿಲ್ಲ. ಮೊದಲ ಏಟು ನಿನ್ನ ತಮ್ಮನ ಹೆಗಲಿಗೆ, ಮುಂದಿನದು ಪಕ್ಕೆಗೆ. ಪಕ್ಕೆಲುಬು ಮುರಿದ ಸದ್ದು ಒಣಕಡ್ಡಿ ಮುರಿದ ಹಾಗೆ ಕೇಳಿಸಿತು. ಈಗ ತಾನೇ ಅವನನ್ನು ಸುಟ್ಟವಳು ನಾನು, ನಾನೇ ಹೋಗಿ ಅವನ ಮೇಲೆ ಅಡ್ಡ ಬಿದ್ದೆ. "ಸಾಕು ಬಿಡಪ್ಪಾ, ಸತ್ತೋಗ್ತಾನೆ. ನಿನ್ನ ಮಗ ಬದುಕಿದಾನೆ, ನೋಡು, ಅಲ್ಲಿ ನೋಡು" ಅಂದೆ. ಅವನು ರಾಡು ಎತ್ತಿ ಹಿಡಿದೇ ನಿಂತ, ಆಮೇಲೆ ಅದನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತು ಹೋ ಎಂದು ಅತ್ತ. ಬಾಗಿಲುಗಳಲ್ಲಿ ನಿಂತು ದಿನಾ ತಮಾಷೆ ನೋಡುತ್ತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಟೈಲರಮ್ಮ ಮಾತ್ರ ಬಂದು, ತನ್ನ ಮಂಚದ ಚಾದರ ಹರಿದು ಪುಟ್ಟಿಯ ಕಾಲಿಗೆ ಕಟ್ಟಿದಳು.

ಆಸ್ಪತ್ರೆಯಲ್ಲಿ ಎರಡು ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಕಡ್ಡಿಯ ತುಟಿ ಊದಿ ಬದನೆಕಾಯಿಯಾಗಿತ್ತು. ಅವಳ ಕೈ ನೋಡಿ, "ನೋವಾ?" ಅಂದ. "ನಿಂಗೆ?" ಅಂದಳು ಇವಳು. ಅಷ್ಟೇ. ಅವನ ಅಮ್ಮ ನನ್ನನ್ನು ನೋಡಿ ಮುಖ ತಿರುಗಿಸಿದಳು, ಈಗಲೂ ತಿರುಗಿಸುತ್ತಾಳೆ. ತಪ್ಪೇನಿಲ್ಲ. ಪೊಲೀಸರು ಬಂದು ಎಲ್ಲರ ಮಾತು ಕೇಳಿದರು. ನಾನು ಸುಟ್ಟಿದ್ದನ್ನೂ ಹೇಳಿದೆ. ವ್ಯಾನ್ ಡ್ರೈವರನನ್ನು ಎರಡು ದಿನ ಇಟ್ಟುಕೊಂಡು ಬಿಟ್ಟರು. ನಿನ್ನ ತಮ್ಮನ ಮೇಲೆ ಕೇಸಾಗಿದೆ. ಆಸ್ಪತ್ರೆಯಿಂದ ಹೊರಬಂದವನನ್ನು ನಾನು ಮನೆಗೆ ಸೇರಿಸಲಿಲ್ಲ. ಗಾರ್ಡುಗಳ ಕೋಣೆಯಲ್ಲಿ ಮಲಗುತ್ತಾನಂತೆ. ಕ್ಷಮಿಸು ಎಂದು ಯಾರ ಯಾರ ಕೈಯಲ್ಲೋ ಹೇಳಿ ಕಳಿಸುತ್ತಾನೆ. ರಕ್ತ ಸಂಬಂಧ, ಎಷ್ಟಾದರೂ ಮಗ ಎಂದು ಬುದ್ಧಿ ಹೇಳಲು ಬರುವವರಿಗೆ ನಾನು ನೀರು ಕೊಟ್ಟು ಕಳಿಸುತ್ತಿದ್ದೇನೆ. ಅವನು ನಿನಗೂ ಫೋನು ಮಾಡುತ್ತಾನೆ, ಅಳುತ್ತಾನೆ. ಕೇಳಿಸಿಕೋ. ಮನೆಗೆ ಹೋಗು ಎಂದು ಮಾತ್ರ ಹೇಳಬೇಡ.

ಈಗ ಬೀಗ ಹಾಕುವುದನ್ನು ಬಿಟ್ಟಿದ್ದೇನೆ. ಶಾಲೆ ಬಿಟ್ಟ ಮೇಲೆ ಪುಟ್ಟಿ ಅಂಗಡಿಯಲ್ಲೇ ನನ್ನ ಜೊತೆ ಇರುತ್ತಾಳೆ, ಒಂದು ಕೈಯಲ್ಲಿ ಕರ್ಚೀಫು ಮಡಚುತ್ತಾಳೆ. ಸಂಜೆ ನಾವಿಬ್ಬರೂ ಮುಖ್ಯರಸ್ತೆಯವರೆಗೆ ನಡೆದು ಬರುತ್ತೇವೆ, ನನ್ನ ಮಂಡಿಯ ವೇಗದಲ್ಲಿ. ನೀನು ಗಾಬರಿಯಾಗಿ ಕೆಲಸ ಬಿಟ್ಟು ಓಡಿ ಬರಬೇಡ. ಆ ಮನೆಯವರು ರಜೆ ಕೊಡುವುದಿಲ್ಲ ಎಂದು ನನಗೆ ಗೊತ್ತು. ನಾನಿದ್ದೇನೆ. ಮುದುಕಿಯಾದರೂ ಕೈ ಗಟ್ಟಿಯಿದೆ, ಅದು ಈಗ ಇಡೀ ಕಟ್ಟಡಕ್ಕೆ ಗೊತ್ತು.

ಆ ಹಾಸಿಗೆ ಹಿಡಿದ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಬೆನ್ನು ಬೇಗ ವಾಸಿಯಾಗಲಿ, ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ನೆರಳಿಗೂ ಮುಳ್ಳು ಚುಚ್ಚದಿರಲಿ ಎಂದು ಹರಸುವ

ನಿನ್ನ ಅಮ್ಮ

ತಾ.ಕ.: ಲಕೋಟೆ ಹುಡುಕಲು ಈಗ ಪುಟ್ಟಿಯ ಹಾಸಿಗೆ ಎತ್ತಿದೆ. ಅಡಿಯಲ್ಲಿ ಪ್ಲಾಸ್ಟಿಕ್ ಚೀಲಗಳು, ಬಿಗಿಯಾಗಿ ಗಂಟು ಹಾಕಿಟ್ಟಿದ್ದಾಳೆ. ನಿನ್ನೆಯ ಮೊಟ್ಟೆ, ಮೊನ್ನೆಯ ಅನ್ನ, ಅದರ ಹಿಂದಿನದು ಬೂಸಲು ಹಿಡಿದು ಏನೆಂದೇ ತಿಳಿಯುತ್ತಿಲ್ಲ. ಕಿಟಕಿಯ ಹತ್ತಿರ ಕೂತು ತಿನ್ನುತ್ತೇನೆ ಎಂದು ತಟ್ಟೆ ಒಯ್ಯುತ್ತಿದ್ದಳು, ನಾನು ನಂಬಿದ್ದೆ. ಅವಳ ಸ್ಕರ್ಟಿಗೆ ಎರಡು ಸಲ ಹೊಲಿಗೆ ಹಾಕಿ ಚಿಕ್ಕದು ಮಾಡಿದೆ. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಎಷ್ಟು ಚೆನ್ನಾಗಿ ತೂಕ ಇಳಿಸಿಕೊಂಡಿದ್ದಾಳೆ ಎನ್ನುತ್ತಾರೆ, ಅವಳು ಥ್ಯಾಂಕ್ಸ್ ಅನ್ನುತ್ತಾಳೆ. ಮೇಲೆ ಬರೆದದ್ದನ್ನು ಬಿಡು. ರಜೆ ಕೊಡದಿದ್ದರೂ ಸರಿ, ಬಾ. ನನ್ನ ಕೈಯಿಂದ ತಿನ್ನುತ್ತಿಲ್ಲ. ಬೇಗ ಬಾ.