ಸೈತಾನ ಹೊರಡುವ ಬಾಗಿಲು

ವಿಕ್‌ಸ್ಟೆಡ್, ಮಂಗಳವಾರ

ತಂಗೀ,

ತುಂಬು ಬಸುರಿಗೆ ಇದನ್ನು ಬರೆಯಬಾರದು, ಆದರೆ ನಿನಗಲ್ಲದೆ ಯಾರಿಗೆ ಬರೆಯಲಿ? ಇಲ್ಲಿಯ ಚರ್ಚಿನ ಉತ್ತರದ ಬಾಗಿಲನ್ನು ಹೋದ ವಾರ ನಾನೇ ಕಲ್ಲಿಟ್ಟು ಮುಚ್ಚಿದೆ. ನಮ್ಮೂರಿನದರ ಹಾಗೇ ಕುಳ್ಳು ಬಾಗಿಲು, ಕಮಾನಿನ ತುಂಬ ಹಕ್ಕಿಮೂತಿಗಳು. ಏಳುನೂರು ವರ್ಷವಾದರೂ ಒಂದು ಕೊಕ್ಕೂ ಮುಕ್ಕಾಗಿರಲಿಲ್ಲ. ಹೊಸ ಪಾದ್ರಿಗೆ ಅಲ್ಲಿಂದ ಥಂಡಿಗಾಳಿ ಬಡಿಯುತ್ತದಂತೆ.

ಕೊನೆಯ ಕಲ್ಲಿಗೆ ಗಾರೆ ಹಚ್ಚುತ್ತಿದ್ದಾಗ ಕೆಜಾಯಾ ಅನ್ನುವ ಮುದುಕಿ ಏದುಸಿರು ಬಿಡುತ್ತ ಬಂದಳು. "ಲೋ ಮಗಾ, ಭಾನುವಾರ ನನ್ನ ಮೊಮ್ಮಗಳಿಗೆ ದೀಕ್ಷಾಸ್ನಾನ ಕಣೋ. ಅದೊಂದು ಕಲ್ಲು ಬಿಟ್ಟಿರು. ಮಗು ಮೈಯಿಂದ ಎದ್ದ ಸೈತಾನ ಎಲ್ಲಿಂದ ಆಚೆ ಹೋಗ್ಬೇಕು?"

"ಪಾದ್ರಿ ಬರೋ ಬಾಗಿಲಿಂದಲೇ ಹೋಗ್ಲಿ ಬಿಡಜ್ಜೀ, ಇಬ್ಬರಿಗೂ ಪರಿಚಯ ಇರುತ್ತೆ" ಅಂತ ನಕ್ಕು ಕಲ್ಲು ಕೂರಿಸಿಬಿಟ್ಟೆ.

ಭಾನುವಾರ ತಲೆಗೆ ನೀರು ಬಿದ್ದರೂ ಮಗು ಅಳಲಿಲ್ಲ. ಅತ್ತರೆ ತಾನೇ ಸೈತಾನ ಬಿಟ್ಟ ಅಂತ? ಅಜ್ಜಿ ಮೆಲ್ಲಗೆ ಚಿವುಟಿದಳು, ಆಮೇಲೆ ಜೋರಾಗಿ ಚಿವುಟಿದಳು. ಮಗು ನಕ್ಕಿತು. "ಎಷ್ಟು ಒಳ್ಳೇ ಮಗು!" ಅಂದರು ಪಾದ್ರಿ. ಅಜ್ಜಿ ಆ ಹೊಸ ಕಲ್ಲುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೆಮ್ಮು ಬಿಟ್ಟಿದೆ, ಸುಣ್ಣಕ್ಕೆ ಬೆರಳು ಒಡೆದಿವೆ ಅಷ್ಟೆ. ಮುಂದಿನ ಕೆಲಸ ನಮ್ಮೂರ ಚರ್ಚಿನ ಉತ್ತರದ ಬಾಗಿಲೇ ಅಂತ ಮೇಸ್ತ್ರಿ ಇವತ್ತು ಹೇಳಿದ. ಹೆರಿಗೆಯಾದ ಕೂಡಲೇ ದೀಕ್ಷಾಸ್ನಾನ ಮಾಡಿಸಿಬಿಡು. ಮಗುವನ್ನು ನಾನೇ ಎತ್ತಿಕೊಂಡು ನಿಲ್ಲುತ್ತೇನೆ ಅಂದಿದ್ದೆನಲ್ಲ, ಅದಕ್ಕಾಗಿ ಕಾಯಬೇಡ. ನಾನು ಬರುವುದರೊಳಗೆ ಮುಗಿಸು.

ನಿನ್ನಣ್ಣ
ಜೇಬೆಜ್